ಎಲ್ಲರೂ ಎಂಜಿನ್ ಓಡಿಸಲೇ ಬರುತ್ತಾರೆ ಎಂದಿರಲ್ಲ, ಅದಕ್ಕೆ ಉತ್ತರ

ಪಾರಂಪರಿಕ ಉಗಿ ರೈಲಿಗೆ ಬರುವ ಹೊಸ ಸ್ವಯಂಸೇವಕರು ಮೂರ್ನಾಲ್ಕು ತಿಂಗಳಲ್ಲೇ ಬಿಟ್ಟುಹೋಗುತ್ತಾರೆ, ಸಮಿತಿ ಏನು ಮಾಡಬೇಕು ಎಂದು ಕೇಳಿದ್ದೀರಿ. ಮೊದಲು ಮೆಟ್ಟಿಲುಗಳನ್ನು ಬರೆದು ಗೋಡೆಗೆ ಅಂಟಿಸಿ: ಕ್ಲೀನರ್, ಫೈರ್‌ಮನ್ (ಎಂಜಿನ್ನಿನ ಬೆಂಕಿ ನೋಡಿಕೊಳ್ಳುವವನು), ಡ್ರೈವರ್. ಪ್ರತಿ ಹಂತಕ್ಕೂ ಎಷ್ಟು ಪಾಳಿ, ಯಾವ ಪರೀಕ್ಷೆ, ಸಹಿ ಯಾರದು ಎಂಬುದು ಅದರಲ್ಲಿರಲಿ. ದಾರಿ ಕಾಣದಿದ್ದರೆ ಯಾರೂ ನಿಲ್ಲುವುದಿಲ್ಲ.

ಕ್ಲೀನರ್ ಕೆಲಸವನ್ನು ಬರೀ ಒರೆಸುವ ಕೆಲಸ ಎಂದು ಕೊಡಬೇಡಿ, ದಯವಿಟ್ಟು. ಚಕ್ರ ತಿರುಗಿಸುವ ಕನೆಕ್ಟಿಂಗ್ ರಾಡ್ ಒರೆಸುವವನ ಕಣ್ಣಿಗೇ ಸಡಿಲ ನಟ್ಟು, ನಟ್ಟು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ಕಳಚಿಹೋದದ್ದು, ಕೂದಲೆಳೆಯಂಥ ಬಿರುಕು ಮೊದಲು ಬೀಳುವುದು. ಕಂಡದ್ದನ್ನು ದೋಷಪುಸ್ತಕದಲ್ಲಿ ಅವನೇ ಬರೆಯಲಿ. ಫಿಟ್ಟರ್ ಅದರ ಕೆಳಗೇ ಉತ್ತರ ಬರೆಯಲಿ. ತನ್ನ ಮಾತಿಗೆ ಬೆಲೆಯಿದೆ ಎಂದು ಗೊತ್ತಾದವನು ಮತ್ತೆ ಬರುತ್ತಾನೆ.

ಪಾಳಿಪಟ್ಟಿ ಹಾಕುವವರು ಬೆಂಕಿ ಹಚ್ಚುವ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಣ್ಣಗಿರುವ ಬಾಯ್ಲರನ್ನು ಅವಸರದಲ್ಲಿ ಕಾಯಿಸಿದರೆ ಲೋಹ ಒಂದೇ ಸಮ ಹಿಗ್ಗದೆ ಅದರೊಳಗೆ ಬೆಂಕಿಯ ಬಿಸಿ ಹೊಗೆ ಹಾಯುವ ಟ್ಯೂಬ್‌ಗಳ ತುದಿಗಳು ಸೋರುತ್ತವೆ. ಆದ್ದರಿಂದ ನಿಧಾನವಾಗಿ ಕಾಯಿಸಲೆಂದು ಗಂಟೆಗಟ್ಟಲೆ ಮುಂಚೆ ಬಂದವರಿಗೇ ಸಂಜೆಯ ಕೊನೆಯ ಟ್ರಿಪ್ ಕೊಡಬೇಡಿ.

ಸಮಿತಿಗೆ ಚುನಾವಣೆ ಇರಲಿ. ಸುರಕ್ಷತೆಯ ಹುದ್ದೆಗೆ ಮಾತ್ರ ಬೇಡ. ರೈಲು ನಿಲ್ಲಿಸುವ ಅಧಿಕಾರ ಅರ್ಹತೆಯುಳ್ಳ ಒಬ್ಬರಲ್ಲಿ, ಲಿಖಿತವಾಗಿ ಇರಬೇಕು. ಅಧ್ಯಕ್ಷರೂ ಹಳಿಯ ಮೇಲೆ ಅವರ ಮಾತು ಕೇಳಬೇಕು. ವೇಲ್ಸ್‌ನ ಟಾಲಿಲಿನ್ ರೈಲ್ವೆಯನ್ನು 1951ರಲ್ಲಿ ಸ್ವಯಂಸೇವಕರ ಸಂಘ ನಡೆಸಲು ಹೊರಟಾಗಲೂ ದಿನನಿತ್ಯದ ಹೊಣೆಗೆ ಎಲ್.ಟಿ.ಸಿ. ರೋಲ್ಟ್ ವ್ಯವಸ್ಥಾಪಕರಾಗಿದ್ದರು.

ಟಿಕೆಟ್, ಲೆಕ್ಕಪತ್ರ, ಹಳಿಪಕ್ಕದ ಗಿಡಗಂಟಿ ಸವರುವುದಕ್ಕೆ ಬೇರೆಯೇ ಜನರನ್ನು ಹುಡುಕಿ. ಎಂಜಿನ್ ಆಸೆ ತೋರಿಸಿ ಕರೆತಂದವರು ಅಲ್ಲಿ ಉಳಿಯುವುದಿಲ್ಲ.