ಓದುವ ತೊಂದರೆಯೋ, ಭಾಷೆಯ ತೊಂದರೆಯೋ?

ನಿಮ್ಮ 9 ವರ್ಷದ ಮಗ ಮನೆಮಾತು ಚೆನ್ನಾಗಿ ಆಡುತ್ತಾನೆ, ಆದರೆ ಇಂಗ್ಲಿಷ್ ಪಾಠ ಓದಲು ತಡವರಿಸುತ್ತಾನೆ, ಓದಿದ್ದು ಅರ್ಥವೂ ಆಗುವುದಿಲ್ಲ, ಇದು ಡಿಸ್ಲೆಕ್ಸಿಯಾನಾ, ಅಂದರೆ ಅಕ್ಷರಕ್ಕೂ ಸದ್ದಿಗೂ ನಂಟು ಹಿಡಿದು ಓದಲು ಕಷ್ಟವಾಗುವ ತೊಂದರೆಯಾ ಅಂತ ಕೇಳಿದ್ದೀರಿ. ಇಂಥ ಮಕ್ಕಳಿಗೆ ಓದು ಕಲಿಸುವುದೇ ನನ್ನ ಕೆಲಸ. ಈಗಲೇ ಆ ಹೆಸರು ಅಂಟಿಸಬೇಡಿ. ಹಾಗಂತ ‘ಹೊಸ ಭಾಷೆ ಅಲ್ವಾ, ತಾನೇ ಸರಿಹೋಗುತ್ತೆ’ ಅಂತ ಸುಮ್ನೆ ಕೂರುವುದೂ ಬೇಡ.

ಕಣ್ಣು, ಕಿವಿ ಪರೀಕ್ಷೆ ಆಗಿರದಿದ್ದರೆ ಮೊದಲು ಮಾಡಿಸಿ.

ಆಮೇಲೆ ಅವನು ಎಡವಿದ ಪ್ಯಾರಾವನ್ನು ನೀವೇ ಓದಿ ಹೇಳಿ, ಏನಾಯಿತು ಅಂತ ಕೇಳಿ. ಕೇಳಿದಾಗ ಚೆನ್ನಾಗಿ ಅರ್ಥವಾದರೆ ತೊಂದರೆ ಅಕ್ಷರ ಕೂಡಿಸುವುದರಲ್ಲಿದೆ. ಕೇಳಿದರೂ ಅರ್ಥವಾಗದಿದ್ದರೆ ಭಾಷೆಯೇ ಸಾಲದು. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಹೇಳಿದ್ದೂ ಇದನ್ನೇ: ಅಕ್ಷರ ಬಿಡಿಸುವ ಶಕ್ತಿ, ಭಾಷೆ ತಿಳಿಯುವ ಶಕ್ತಿ ಎರಡೂ ಸೇರಿದರೇ ಓದು. ಎಷ್ಟೋ ಮಕ್ಕಳಿಗೆ ಎರಡರಲ್ಲೂ ಕೊರತೆ ಇರುತ್ತದೆ. ಆಗ ಯಾವುದು ಜಾಸ್ತಿ ಅಂತ ನೋಡಬೇಕು.

ಅಕ್ಷರದ ಕಡೆ ಅನುಮಾನ ಬಂದರೆ ಅರ್ಥವಿಲ್ಲದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಓದಿಸಿ: ವಿಬ್, ಸ್ನೆಗ್, ಪ್ಲಾಮ್. ಇವನ್ನು ಬಾಯಿಪಾಠದಿಂದ ಹೇಳಲು ಆಗುವುದಿಲ್ಲ. ‘ಸ್ನೆಗ್’ ಅನ್ನು ‘ಸ್ನೇಕ್’ ಅಂದರೆ ಮೊದಲೆರಡು ಅಕ್ಷರ ನೋಡಿ ಊಹಿಸುತ್ತಿದ್ದಾನೆ. ‘ಇಸ್ನೆಗ್’ ಅಂದರೆ ಅದು ಮನೆಮಾತಿನ ಉಚ್ಚಾರ, ಓದಿನ ತಪ್ಪಲ್ಲ. ಈ ವ್ಯತ್ಯಾಸ ಗಮನಿಸದೆ ಅಂಕ ಕಳೆಯುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮನೆಮಾತಿನಲ್ಲಿ ಓದು ಕಲಿತಿದ್ದರೆ ಅದನ್ನೂ ಓದಿಸಿ. ಡಿಸ್ಲೆಕ್ಸಿಯಾ ಒಂದೇ ಭಾಷೆಗೆ ಅಂಟಿಕೊಂಡಿರುವುದಿಲ್ಲ. ಆದರೆ ಬರೆದಂತೆಯೇ ಓದುವ ಲಿಪಿಯಲ್ಲಿ ತಪ್ಪು ಕಡಿಮೆ ಬರಬಹುದು, ಅಲ್ಲಿ ನಿಧಾನವೇ ಸುಳಿವು. ಆ ಲಿಪಿ ಕಲಿತೇ ಇಲ್ಲವಾದರೆ ಬಾಯಿಮಾತಲ್ಲೇ ನೋಡಿ: ಪ್ರಾಸ ಹಿಡಿಯುತ್ತಾನಾ, ಪದದ ಮೊದಲ ಸದ್ದು ಬಿಟ್ಟು ಉಳಿದದ್ದು ಹೇಳುತ್ತಾನಾ.

ಭಾಷೆಯೇ ಸಾಲದಿದ್ದರೆ ಪುಸ್ತಕ ಬದಲಿಸಿ. ಯಾರ ನೆರವೂ ಇಲ್ಲದೆ ಆರಾಮಾಗಿ ಓದಲು 100ಕ್ಕೆ ಸುಮಾರು 98 ಪದ ಗೊತ್ತಿರಬೇಕು ಎನ್ನುತ್ತಾರೆ. ಅವನ ಪಾಠದಲ್ಲಿ ಗೊತ್ತಿಲ್ಲದ ಪದಗಳಿಗೆ ಗೆರೆ ಹಾಕಿಸಿ, ಎಷ್ಟಿವೆ ನೋಡಿ. ಆಟದಲ್ಲಿ ಇಂಗ್ಲಿಷ್ ಪಟಪಟ ಆಡುತ್ತಾನೆ ಅಂತ ಮೋಸಹೋಗಬೇಡಿ. ಮಾತು ಸುಮಾರು 2 ವರ್ಷದಲ್ಲಿ ಬರುತ್ತದೆ. ಪಾಠದ ಭಾಷೆ ಹಿಡಿತಕ್ಕೆ ಬರಲು 5ರಿಂದ 7 ವರ್ಷ ಹಿಡಿಯಬಹುದು ಅಂತ ಜಿಮ್ ಕಮಿನ್ಸ್ ಎಂಬ ಸಂಶೋಧಕರು ತೋರಿಸಿದ್ದಾರೆ.

ಕೆಲವು ವಾರ ದಿನವೂ ಸ್ವಲ್ಪ ಹೊತ್ತು, ಎಲ್ಲಿ ಕೊರತೆಯೋ ಅದನ್ನೇ ಕಲಿಸಿ. ಅದೇ ಮನೆಮಾತಿನ ಬೇರೆ ಮಕ್ಕಳು ಅಷ್ಟು ಪಾಠಕ್ಕೆ ಮುಂದೆ ಹೋಗಿ, ಇವನು ಮಾತ್ರ ಅಲ್ಲೇ ನಿಂತರೆ ತಡಮಾಡದೆ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ. ಅವರನ್ನು ಕೇಳಿ: ಇವನ ಅಂಕವನ್ನು ಯಾರ ಅಂಕದ ಜೊತೆ ಹೋಲಿಸುತ್ತೀರಿ, ಮನೆಮಾತಿನಲ್ಲೂ ಪರೀಕ್ಷೆ ಮಾಡುತ್ತೀರಾ? ‘ಇಲ್ಲ’ ಅಂದರೆ ಇನ್ನೊಬ್ಬರನ್ನು ಹುಡುಕಿ.