ಕೂಸು ನನಗ ಏನಂತ ಕರೀತದ್ರಿ?

ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಇಬ್ಬರೂ ಓದಿ ಒಪ್ಪಿದ ಮೇಲೆ ಇದನ್ನು ಹಾಕುತ್ತಿದ್ದೇನೆ. ಒಬ್ಬರನ್ನು ಶೈಲಾ ಅನ್ನೋಣ. ಧಾರವಾಡದ ಕಡೆಯವರು, 38 ವರ್ಷ, ಹೈಸ್ಕೂಲು ಟೀಚರ್. ಇನ್ನೊಬ್ಬರು ನಂದಿನಿ. ತುಮಕೂರು ಕಡೆಯವರು, 33 ವರ್ಷ, ಸಾಫ್ಟ್‌ವೇರ್ ಕೆಲಸ. ಬೆಂಗಳೂರಲ್ಲಿ ಏಳು ವರ್ಷದ ಸಂಸಾರ. ಮನೆ ಓನರ್‌ಗೆ, ಅಕ್ಕಪಕ್ಕದವರಿಗೆ ಇವರು ದೊಡ್ಡಮ್ಮ-ಚಿಕ್ಕಮ್ಮನ ಮಕ್ಕಳು. ಹಾಗಾಗಿ ಹೊರಗೆ ನಂದಿನಿ 'ಶೈಲಕ್ಕ' ಅಂತಲೇ ಕರೆಯುವುದು. ನಾನು ಕೌನ್ಸೆಲರ್. ನನ್ನ ರೂಮಿಗೆ ಬಂದು ಕೂತ ಮೇಲೂ ಹತ್ತು ನಿಮಿಷ ಶೈಲಕ್ಕನೇ ನಡೆಯಿತು. ಆಮೇಲೆ ಯಾವಾಗಲೋ ಅದು 'ಶೈಲು' ಆಯಿತು. ಸರಿ, ಇನ್ನು ಮಾತಾಡಬಹುದು ಅಂದುಕೊಂಡೆ.

ಅವರು ಬಂದಿದ್ದು ಒಂದು ಆಸ್ಪತ್ರೆಯಿಂದ ವಾಪಸ್ ಕಳಿಸಿಕೊಂಡು. 'ನಾವಿಬ್ಬರೂ ಜೋಡಿ, ಮಗು ಬೇಕು' ಅಂದಿದ್ದಕ್ಕೆ ಅಲ್ಲಿಯ ಡಾಕ್ಟರು ಫೈಲು ಮುಚ್ಚಿ, ಇದೆಲ್ಲ ಮದುವೆ ಆದವರಿಗೆ ಮಾತ್ರ ಅಂದರಂತೆ. ಆ ಮಾತು ಅರ್ಧ ತಪ್ಪು. 2021ರ ಎಆರ್‌ಟಿ ಕಾಯ್ದೆ, ಅಂದರೆ ಕೃತಕ ಗರ್ಭಧಾರಣೆ ಚಿಕಿತ್ಸೆಗಳ ಕಾಯ್ದೆ ಪ್ರಕಾರ ಈ ಚಿಕಿತ್ಸೆ ಪಡೆಯಲು ಅವಕಾಶ ಇರುವುದು ಮದುವೆಯಾದ ದಂಪತಿಗೆ, ಇಲ್ಲವೇ ಒಬ್ಬಳೇ ಹೆಂಗಸಿಗೆ. ಹೆಂಗಸಿನ ವಯಸ್ಸು 21 ದಾಟಿರಬೇಕು, 50ರ ಒಳಗಿರಬೇಕು. ಅವಳಿಗೆ ಮದುವೆ ಆಗಿರಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಇಬ್ಬರು ಹೆಂಗಸರನ್ನು ಜೋಡಿ ಅಂತ ಒಪ್ಪುವ ಜಾಗ ಮಾತ್ರ ಅದರಲ್ಲಿ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲವಲ್ಲ, ಹಾಗಾಗಿ ಆ ಬಾಗಿಲು ಈಗಲೂ ಮುಚ್ಚಿದೆ. ಕಾಗದದ ಮಟ್ಟಿಗೆ ಇವರಿಬ್ಬರೂ ಇಬ್ಬರು ಒಂಟಿ ಹೆಂಗಸರು. ಚಿಕಿತ್ಸೆ ಸಿಗುವುದು ಅವರಲ್ಲಿ ಒಬ್ಬರಿಗೆ.

'ಅಂದ್ರ ಸುಳ್ಳ ಹೇಳಬೇಕೇನ್ರಿ ಮೇಡಂ?' ಅಂದರು ಶೈಲಾ. ಇಲ್ಲ ಅಂದೆ. ಫಾರಂನಲ್ಲಿ ಮದುವೆ ಆಗಿದೆಯಾ ಅಂತ ಕೇಳುತ್ತಾರೆ. ಆಗಿಲ್ಲ, ಅದು ನಿಜ. ಫಾರಂಗೆ ಕೇಳಿದಷ್ಟು ಬರೆಯಿರಿ. ಆದರೆ ನೋಡುವ ಡಾಕ್ಟರಿಗೆ ಪೂರ್ತಿ ಹೇಳಿ. ಸ್ಕ್ಯಾನಿಂಗ್ ದಿನ ಪಕ್ಕದಲ್ಲಿ ಕೂರುವವರು ಯಾರು ಅಂತ ಅವರಿಗೆ ಗೊತ್ತಿರಲಿ. ಹೋಗುವ ಮೊದಲು ಫೋನ್ ಮಾಡಿ ಎರಡು ಮಾತು ಕೇಳಿ: ನಿಮ್ಮ ಕ್ಲಿನಿಕ್ ಎಆರ್‌ಟಿ ಕಾಯ್ದೆ ಅಡಿ ನೋಂದಣಿ ಆಗಿದೆಯಾ, ಒಂಟಿ ಮಹಿಳೆಗೆ ಡೋನರ್ ಐಯುಐ (ದಾನಿಯ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಮಾಡ್ತೀರಾ. 'ನೋಡೋಣ ಬನ್ನಿ' ಅಂದರೆ ಬೇರೆ ಕಡೆ ಫೋನ್ ಮಾಡಿ. ಮೂರನೇ ಫೋನಿಗೆ ಇವರಿಗೆ 'ಮಾಡ್ತೀವಿ' ಅನ್ನುವವರು ಸಿಕ್ಕರು.

ಇಬ್ಬರ ಮನಸ್ಸಲ್ಲೂ ಒಂದು ಪ್ಲಾನ್ ಇತ್ತು. ಶೈಲಾ ಮೊಟ್ಟೆ, ನಂದಿನಿ ಹೊಟ್ಟೆ. ಇಬ್ಬರಿಗೂ ಸೇರಿದ ಮಗು. ಬ್ರಿಟನ್, ಸ್ಪೇನ್‌ನಲ್ಲಿ ಹೆಣ್ಣು ಜೋಡಿಗಳು ಹೀಗೆ ಮಾಡಿಸಿಕೊಳ್ಳುತ್ತಾರೆ, ವಿಡಿಯೊ ಕೂಡ ನೋಡಿದ್ದರು. ಇಲ್ಲಿ ಆಗುವುದಿಲ್ಲ. ಮೊಟ್ಟೆ ಕೊಡುವವಳು ಎಆರ್‌ಟಿ ಬ್ಯಾಂಕ್ (ದಾನಿಗಳ ಮೊಟ್ಟೆ, ವೀರ್ಯ ಒದಗಿಸುವ ಸಂಸ್ಥೆ) ಮೂಲಕ ಬರಬೇಕು, ಅವಳಿಗೆ 23ರಿಂದ 35 ವರ್ಷ ಇರಬೇಕು, ಪಡೆಯುವವರಿಗೆ ಅವಳು ಯಾರು ಅಂತ ಗೊತ್ತಿರಬಾರದು. ಶೈಲಾಗೆ ವಯಸ್ಸೂ ಮೀರಿತ್ತು. ಬಾಡಿಗೆ ತಾಯ್ತನವೂ ಇಲ್ಲ. ಒಂಟಿ ಹೆಂಗಸಿಗೆ ಅದು ಸಿಗುವುದು ವಿಧವೆಯೋ ವಿಚ್ಛೇದನ ಆದವಳೋ ಆಗಿದ್ದು, 35ರಿಂದ 45ರ ಒಳಗಿದ್ದರೆ ಮಾತ್ರ. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಶೈಲಾ ನೀರಿನ ಬಾಟಲಿ ಮುಚ್ಚಳ ತಿರುಗಿಸಿ ತಿರುಗಿಸಿ ಅದರ ಹಲ್ಲು ಸವೆಸಿಬಿಟ್ಟಿದ್ದರು.

ಆಮೇಲೆ ಗೆಳೆಯನ ಪ್ರಸ್ತಾಪ. ನಂದಿನಿಯ ಕಾಲೇಜು ಸ್ನೇಹಿತ, ಅವನೂ ಗೇ. ಒಳ್ಳೆಯ ಹುಡುಗ ಅಂತ ಇಬ್ಬರೂ ಹೇಳಿದರು, ನಂಬುತ್ತೇನೆ. ಅವನು ಎರಡು ದಾರಿ ತೋರಿಸಿದ್ದ. ಒಂದು, ಅವನ ವೀರ್ಯವನ್ನು ಮನೆಯಲ್ಲೇ ಸಿರಿಂಜ್‌ನಲ್ಲಿ ಹಾಕಿಕೊಳ್ಳುವುದು, ಆಸ್ಪತ್ರೆ ಗೊಡವೆಯೇ ಬೇಡ. ಇನ್ನೊಂದು, ನಂದಿನಿಯನ್ನು ಹೆಸರಿಗೆ ಮದುವೆ ಆಗುವುದು. ಎರಡೂ ಮನೆಯವರ ಬಾಯಿ ಮುಚ್ಚುತ್ತದೆ, ಮಗುವಿಗೆ ಅಪ್ಪನ ಹೆಸರೂ ಸಿಗುತ್ತದೆ. ಎರಡನೆಯದರ ಮೇಲೆ ನಂದಿನಿಗೆ ಆಸೆ ಇತ್ತು, ಮುಖದಲ್ಲಿ ಕಾಣುತ್ತಿತ್ತು.

ನಾನು ಸಾಮಾನ್ಯವಾಗಿ ಹೀಗೆ ಮಾಡಿ, ಹಾಗೆ ಮಾಡಬೇಡಿ ಅನ್ನುವುದಿಲ್ಲ. ಈ ವಿಷಯಕ್ಕೆ ಮಾತ್ರ ಬೇಡ ಅಂತ ಬಾಯಿಬಿಟ್ಟು ಹೇಳಿದೆ. ಮದುವೆಯೊಳಗೆ ಹುಟ್ಟಿದ ಮಗು ಗಂಡನದೇ ಅಂತ ಕಾನೂನು ಹಿಡಿಯುತ್ತದೆ. ಹಿಂದೂ ಕಾಯ್ದೆಯಲ್ಲಿ ಮಗುವಿನ ಸಹಜ ಪೋಷಕ ಅಂದರೆ ಮೊದಲು ಅಪ್ಪ, ಆಮೇಲೆ ಅಮ್ಮ. ಇವತ್ತು ಒಳ್ಳೆಯವನೇ ಇರಬಹುದು. ನಾಳೆ ಅವನ ಅಪ್ಪ-ಅಮ್ಮ 'ನಮ್ಮ ಮೊಮ್ಮಗು' ಅಂತ ಬಂದು ನಿಂತರೆ? ನಂದಿನಿಗೇ ಏನಾದರೂ ಆದರೆ ಮಗು ಹೋಗುವುದು ಅವನ ಹತ್ತಿರ. ಶೈಲಾ ಆಗ ಯಾರು? ದೊಡ್ಡಮ್ಮನ ಮಗಳು, ಅದೂ ಸುಳ್ಳು. ಮನೆಯಲ್ಲಿ ಸಿರಿಂಜ್ ಹಿಡಿಯುವುದರಲ್ಲೂ ಇದೇ ಗೊಂದಲ, ಅಪ್ಪ ಯಾರು ಅನ್ನುವುದು ತೆರೆದೇ ಇರುತ್ತದೆ. ಸೋಂಕಿನ ಭಯ ಬೇರೆ. ಬ್ಯಾಂಕಿನಲ್ಲಾದರೆ ಡೋನರ್‌ಗೆ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಮಾಡಿರುತ್ತಾರೆ. ಮಗುವಿನ ಮೇಲೆ ಅವನಿಗೆ ಯಾವ ಹಕ್ಕೂ ಇಲ್ಲ ಅಂತ ಕಾಯ್ದೆಯಲ್ಲೇ ಇದೆ. ಅವನ ಹೆಸರು ನಿಮಗೆ ಗೊತ್ತಾಗುವುದಿಲ್ಲ. ರಕ್ತದ ಗುಂಪು, ಎತ್ತರ, ಬಣ್ಣ ಇಂಥವು ಗೊತ್ತಾಗುತ್ತವೆ.

ಮೊದಲು ಶೈಲಾ ಪ್ರಯತ್ನ ಮಾಡುವುದು ಅಂತಾಯಿತು. ಬಸಿರಿನ ಆಸೆ ಇದ್ದದ್ದು ಅವರಿಗೆ. ಎಎಮ್‌ಎಚ್ ಅನ್ನುವ ರಕ್ತಪರೀಕ್ಷೆಯ ರಿಪೋರ್ಟ್ ಬಂದಾಗ ಸಂಖ್ಯೆ ಕಡಿಮೆ ಇತ್ತು. ಉಳಿದಿರುವ ಮೊಟ್ಟೆ ಕಡಿಮೆ ಅಂತ ಅದರ ಅರ್ಥ. ಬಸಿರು ನಿಲ್ಲುವುದೇ ಇಲ್ಲ ಅಂತ ಅಲ್ಲ. 35 ದಾಟಿದವರು ಆರು ತಿಂಗಳು, ವರ್ಷ ಅಂತ ಕಾಯಬಾರದು ಅಂತ ನಾನು ಹೇಳುವುದು ಇದಕ್ಕೇ. ಡೋನರ್ ಐಯುಐಯಲ್ಲಿ ಒಂದು ಸಲಕ್ಕೆ ಬಸಿರು ನಿಲ್ಲುವುದು ಸುಮಾರಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ, ವಯಸ್ಸಾದಂತೆ ಇನ್ನೂ ಕಡಿಮೆ. ಈ ಲೆಕ್ಕ ಮೊದಲೇ ಹೇಳಿದ್ದೆ. ಹೇಳಿದ್ದರಿಂದ ಏನೂ ಉಪಯೋಗ ಆಗಲಿಲ್ಲ ಅನ್ನಿ. ಎರಡು ಸಲ ಮಾಡಿಸಿದರು, ಎರಡು ಸಲವೂ ಹದಿನಾಲ್ಕು ದಿನ ಕಾದರು, ಎರಡು ಸಲವೂ ಮುಟ್ಟಾಯಿತು. ಎರಡನೇ ಸಲ ಶಾಲೆಯ ಸ್ಟಾಫ್ ರೂಮಿನ ಬಚ್ಚಲಲ್ಲಿ ಗೊತ್ತಾಗಿದ್ದು. ಬೆಲ್ ಹೊಡೆಯಿತು, ಕಣ್ಣೊರೆಸಿಕೊಂಡು ಎಂಟನೇ ಕ್ಲಾಸಿಗೆ ಹೋಗಿ ಸಂಧಿ ಪಾಠ ಮಾಡಿದೆ ಅಂದರು.

ಡಾಕ್ಟರು ಐವಿಎಫ್ (ಮೊಟ್ಟೆ, ವೀರ್ಯವನ್ನು ಲ್ಯಾಬ್‌ನಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು) ಮಾತು ಎತ್ತಿದರು. ಶೈಲಾ ಬೇಡ ಅಂದರು. ಹಣದ ಮಾತೂ ಇತ್ತು, ಮನಸ್ಸು ಸೋತದ್ದೂ ಇತ್ತು. ಐದು ತಿಂಗಳು ಬಿಟ್ಟು ಬನ್ನಿ, ಅಲ್ಲಿಯವರೆಗೆ 'ಮುಂದೆ ನಂದಿನಿ' ಅನ್ನುವ ಮಾತು ಮನೆಯಲ್ಲಿ ಎತ್ತಬೇಡಿ ಅಂದೆ. ಇದೊಂದು ಸಲಹೆ ಸರಿಯಾಗಿತ್ತು ಅಂತ ಈಗಲೂ ಅನಿಸುತ್ತದೆ. ಆಗದ ಬಸಿರಿಗೆ ಅಳಲು ಯಾರೂ ರಜೆ ಕೊಡುವುದಿಲ್ಲ. ಇನ್ನೊಬ್ಬಳ ಹೊಟ್ಟೆಯಲ್ಲಿ ತಕ್ಷಣ ಶುರು ಮಾಡಿದರೆ ಆ ಅಳು ಎಲ್ಲಿಗೆ ಹೋಗಬೇಕು?

ನಂದಿನಿಯೂ ಒಂದು ಮಾತು ಹೇಳಿದ್ದರು, ಒಬ್ಬರೇ ಬಂದಾಗ. 'ನನಗೆ ಬಸುರಿ ಆಗ್ಬೇಕು ಅಂತ ಯಾವತ್ತೂ ಆಸೆ ಇರ್ಲಿಲ್ಲ ಮೇಡಂ. ಮಗು ಬೇಕು. ಎರಡೂ ಒಂದೇ ಅಂತ ಎಲ್ಲ ಅಂದ್ಕೋತಾರೆ.' ಆಸೆ ಇಲ್ಲದೆಯೂ ಒಪ್ಪಬಹುದು, ಅದಕ್ಕೆ ತಪ್ಪಿತಸ್ಥ ಭಾವ ಬೇಡ ಅಂದೆ. ಆದರೆ ಶೈಲಾಗೋಸ್ಕರ ತ್ಯಾಗ ಮಾಡ್ತಿದೀನಿ ಅನ್ನುವ ಮಾತು ಬಾಯಿಗೆ ಬರುವ ಹಾಗಿದ್ದರೆ ಈಗಲೇ ನಿಲ್ಲಿಸಿ, ರಾತ್ರಿ ಮೂರು ಗಂಟೆಗೆ ಮಗು ಅಳುವಾಗ ಆ ಮಾತು ತುಂಬಾ ಕೆಟ್ಟದಾಗಿ ಹೊರಗೆ ಬರುತ್ತದೆ ಅಂದೆ. ಎರಡು ವಾರ ಯೋಚಿಸಿ 'ನನಗೋಸ್ಕರವೇ' ಅಂದರು.

ಮುಂದಿನ ಭೇಟಿಯಲ್ಲಿ ತಪ್ಪು ಮಾಡಿದ್ದು ನಾನು. ಇಬ್ಬರೂ ಎದುರಿಗೆ ಕೂತಿದ್ದರು. ನಾನು ನಂದಿನಿಗೆ ಪಟ್ಟಿ ಒಪ್ಪಿಸಲು ಶುರು ಮಾಡಿದೆ. ಫೋಲಿಕ್ ಆಸಿಡ್ ಮಾತ್ರೆ ಈಗಿನಿಂದಲೇ. ರುಬೆಲ್ಲಾ ರಕ್ಷಣೆ ಇದೆಯಾ ನೋಡಿಸಿ, ಇಲ್ಲದಿದ್ದರೆ ಲಸಿಕೆ ಹಾಕಿಸಿ ಒಂದು ತಿಂಗಳು ಬಿಡಬೇಕು. ಥೈರಾಯ್ಡ್, ಥಲಸ್ಸೇಮಿಯಾ ಪರೀಕ್ಷೆ. ಗರ್ಭನಾಳ ತೆರೆದಿದೆಯಾ ಅಂತ ಎಕ್ಸ್‌ರೇ. ಸ್ಕ್ಯಾನ್‌ನಲ್ಲಿ ಮೊಟ್ಟೆಯ ಗುಳ್ಳೆ 18 ಮಿಲಿಮೀಟರ್ ಆಸುಪಾಸು ಬಂದಾಗ ಮೊಟ್ಟೆ ಬಿಡುಗಡೆಯಾಗಲು ಇಂಜೆಕ್ಷನ್, ಸುಮಾರು 36 ಗಂಟೆಗೆ ಐಯುಐ. ಫ್ರೀಜ್ ಮಾಡಿದ ವೀರ್ಯ ಜಾಸ್ತಿ ಹೊತ್ತು ಬದುಕುವುದಿಲ್ಲ, ಹೊತ್ತು ತಪ್ಪಬಾರದು. ಹೇಳುತ್ತಲೇ ಇದ್ದೆ. ಆಗ ಶೈಲಾ ಅಂದರು:

'ಮೇಡಂ, ಎಲ್ಲಾ ಅಕಿ ಕಡೆನೇ ನೋಡಿ ಹೇಳಾಕತ್ತೀರಿ. ನಾನೂ ಇಲ್ಲೇ ಕುಂತೇನ್ರಿ.'

ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು, 'ಕೂಸು ನನಗ ಏನಂತ ಕರೀತದ್ರಿ? ಆಂಟಿ ಅಂತೇನು?'

ಹೊರುವವಳ ಬಗ್ಗೆ ಮಾತಾಡುವುದು ಎಲ್ಲರಿಗೂ ಬರುತ್ತದೆ. ಡಾಕ್ಟರಿಗೆ ಬರುತ್ತದೆ, ಪಕ್ಕದ ಮನೆಯವರಿಗೆ ಬರುತ್ತದೆ, ನನಗೂ ಅಷ್ಟೇ ಬಂದಿತ್ತು. ಆವತ್ತು ಉಳಿದ ಹೊತ್ತೆಲ್ಲ ಶೈಲಾ ಬಗ್ಗೆಯೇ ಮಾತಾಡಿದೆವು. ಕರೆಯುವ ವಿಷಯ ಬೇಗ ಮುಗಿಯಿತು. ಶೈಲಾ ತಮ್ಮ ತಾಯಿಯನ್ನು ಕರೆಯುವುದು ಅವ್ವ ಅಂತ. ನಂದಿನಿ ಅಮ್ಮ ಅಂತ. ಕನ್ನಡದಲ್ಲೇ ಎರಡೂ ಇದ್ದವು, ನಾವು ಹುಡುಕಬೇಕಾಗಿರಲಿಲ್ಲ.

ಕಾಗದದ ವಿಷಯ ಅಷ್ಟು ಬೇಗ ಮುಗಿಯಲಿಲ್ಲ. ಹೆತ್ತವಳ ಸಂಗಾತಿ ಮಗುವನ್ನು ದತ್ತು ತೆಗೆದುಕೊಳ್ಳುವ ದಾರಿ ನಮ್ಮಲ್ಲಿಲ್ಲ. ಜನನ ಪ್ರಮಾಣಪತ್ರದಲ್ಲಿ ಇಬ್ಬರು ತಾಯಂದಿರ ಹೆಸರು ಬರುವುದಿಲ್ಲ. ಅಪ್ಪನ ಹೆಸರು ಖಾಲಿ ಬಿಡಬಹುದು: ಒಂಟಿ ತಾಯಿ ಅಫಿಡವಿಟ್ ಕೊಟ್ಟರೆ ಪ್ರಮಾಣಪತ್ರ ಕೊಡಲೇಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಸ್‌ಪೋರ್ಟಿಗೂ ಒಬ್ಬರ ಹೆಸರು ಸಾಕು. ಅಫಿಡವಿಟ್ ಏಳನೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಿ, ಹೆರಿಗೆ ಆದ ಮೇಲೆ ನೋಟರಿ ಹುಡುಕಿಕೊಂಡು ಓಡಬೇಡಿ ಅಂದೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು.

ಮುಖ್ಯವಾದದ್ದು ವಿಲ್. ನಂದಿನಿ ತನ್ನ ನಂತರ ಮಗುವಿಗೆ ಶೈಲಾ ಪೋಷಕಿ ಅಂತ ವಿಲ್‌ನಲ್ಲಿ ಬರೆಯಬಹುದು, 1956ರ ಹಿಂದೂ ಪೋಷಕತ್ವ ಕಾಯ್ದೆ ಮದುವೆಯಾಗದ ತಾಯಿಗೆ ಆ ಅಧಿಕಾರ ಕೊಡುತ್ತದೆ. ಅದರಲ್ಲಿ ಇಂಥ ಮಗುವಿಗೆ ಬಳಸಿರುವ ಶಬ್ದ ನನಗೆ ಇಷ್ಟ ಇಲ್ಲ, ಇಲ್ಲಿ ಬರೆಯುವುದೂ ಇಲ್ಲ. ವಿಲ್‌ಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೆ ಮನೆಯವರು ತಕರಾರು ಮಾಡುವ ಸಾಧ್ಯತೆ ಇರುವ ಇಂಥ ಕಡೆ ಮಾಡಿಸಿಬಿಡಿ. ವಿಲ್ ಇದ್ದರೂ ನಾಳೆ ಕೋರ್ಟಿಗೆ ಹೋದರೆ ಜಡ್ಜ್ ನೋಡುವುದು ಮಗುವಿನ ಹಿತ. ಹಾಗಾಗಿ ಶೈಲಾ ಕೂಡ ಸಾಕುತ್ತಿದ್ದಾರೆ ಅನ್ನುವ ಗುರುತು ಮೊದಲ ದಿನದಿಂದ ಬೆಳೆಯಲಿ. ಲಸಿಕೆಗೆ ಅವರೂ ಹೋಗಲಿ, ಶಾಲೆ ಫೀಸು ಅವರ ಖಾತೆಯಿಂದಲೂ ಹೋಗಲಿ. ಶೈಲಾ ತಮ್ಮದೇ ವಿಲ್ ಬರೆಯುವುದೂ ಅಷ್ಟೇ ಮುಖ್ಯ. ಬರೆಯದಿದ್ದರೆ ಅವರು ಕೊಂಡ ಸೈಟು, ಉಳಿತಾಯ ಯಾವುದೂ ಮಗುವಿಗೆ ಬರುವುದಿಲ್ಲ. ಜಂಟಿ ಬ್ಯಾಂಕ್ ಖಾತೆಗೆ ತೊಂದರೆ ಇಲ್ಲ, 2024ರ ಆಗಸ್ಟಿನಲ್ಲಿ ಹಣಕಾಸು ಇಲಾಖೆಯೇ ಇದನ್ನು ಸ್ಪಷ್ಟ ಮಾಡಿದೆ. ಕೊನೆಗೆ, ಇಬ್ಬರೂ ಬೇರೆಯಾದರೆ ಮಗುವನ್ನು ಯಾರು ಎಷ್ಟು ದಿನ ನೋಡಿಕೊಳ್ಳಬೇಕು ಅಂತ ಒಂದು ಹಾಳೆ ಬರೆದು ಸಹಿ ಹಾಕಿ ಅಂದೆ. ಕೋರ್ಟಿನಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ ಅಂತ ಭರವಸೆ ಕೊಡಲಿಲ್ಲ. ಬರೆಯುವಾಗ ಆಡಬೇಕಾದ ಮಾತುಗಳನ್ನು ಇಬ್ಬರೂ ಆಡಲಿ ಅಂತ. ಆ ಹಾಳೆಗೆ ಮೂರು ಭಾನುವಾರ ಹಿಡಿಯಿತಂತೆ, ಒಂದು ಭಾನುವಾರ ಪೂರ್ತಿ ಜಗಳ.

ನಂದಿನಿಗೆ ಮೂರನೇ ಸಲಕ್ಕೆ ನಿಂತಿತು. ತಾಯಿ ಕಾರ್ಡ್ ಮಾಡಿಸಲು ಹೋದಾಗ ಗಂಡನ ಹೆಸರು ಏನು ಅಂತ ಕೇಳಿದರಂತೆ. ನಂದಿನಿ 'ಇಲ್ಲ' ಅಂದರು, ಬರೆಯುವವರು ಒಂದು ಗೆರೆ ಎಳೆದು ಮುಂದೆ ಹೋದರು. ಆಸ್ಪತ್ರೆ ಫೈಲಿನಲ್ಲಿ ತುರ್ತಿಗೆ ಕರೆಯಬೇಕಾದವರು ಅನ್ನುವ ಕಡೆ ಶೈಲಾ ಹೆಸರು ಇದೆ. ತನ್ನ ಪರವಾಗಿ ಇವರೊಂದಿಗೆ ಮಾತಾಡಿ ಅಂತ ನಂದಿನಿ ಮೊದಲೇ ಸಹಿ ಮಾಡಿ ಕೊಟ್ಟಿದ್ದರು. ಸಂಬಂಧ ಅನ್ನುವ ಕಾಲಂನಲ್ಲಿ ಏನು ಬರೆಯಲಿ ಅಂತ ನನಗೆ ಫೋನ್ ಮಾಡಿದರು. ನಿಮಗೆ ಧೈರ್ಯ ಬಂದಷ್ಟು ಅಂದೆ. 'ಸಂಗಾತಿ' ಅಂತ ಬರೆದರು.

ಬಾಣಂತನ ಯಾರು ಮಾಡುವುದು ಅನ್ನುವುದೇ ಕೊನೆಯವರೆಗೂ ಉಳಿದ ಪ್ರಶ್ನೆ. ನಂದಿನಿಯ ತಾಯಿ ಇಲ್ಲ. ಶೈಲಾ ಅವ್ವ ನಾಲ್ಕು ವರ್ಷದಿಂದ ಫೋನ್ ಎತ್ತುತ್ತಿರಲಿಲ್ಲ. ನಂದಿನಿಗೆ 26 ವಾರ ಹೆರಿಗೆ ರಜೆ, ಶೈಲಾಗೆ ಒಂದು ದಿನವೂ ಇಲ್ಲ. ಹೆರಿಗೆ ಬೇಸಿಗೆ ರಜೆಯಲ್ಲಿ ಬಂದದ್ದು ಪುಣ್ಯ. ದಿನಕ್ಕೆ ಎರಡು ಹೊತ್ತು ಎಣ್ಣೆ-ನೀರು ಹಾಕಲು ಒಬ್ಬ ಅಜ್ಜಿಯನ್ನು ಗೊತ್ತು ಮಾಡಿಕೊಂಡರು. ಮಗುವಿನ ಫೋಟೊವನ್ನು ಶೈಲಾ ತಮ್ಮ ಅಣ್ಣನಿಗೆ ಮಾತ್ರ ಕಳಿಸಿದ್ದರು.

ಹದಿನೈದನೇ ದಿನ ಹುಬ್ಬಳ್ಳಿ ಬಸ್ಸಿನಲ್ಲಿ ಒಂದು ಸ್ಟೀಲ್ ಡಬ್ಬಿ ಬಂತು. ಚೀಟಿ ಇಲ್ಲ, ಮುಚ್ಚಳದ ಮೇಲೆ ಟೇಪ್ ಹಚ್ಚಿ ಶೈಲಾ ಹೆಸರು, ಫೋನ್ ನಂಬರು, ಅಣ್ಣನ ಅಕ್ಷರ. ಒಳಗೆ ಅಂಟಿನುಂಡಿ. ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಹಾಕಿ ಕಟ್ಟಿದ್ದು, ಅಣ್ಣನ ಹೆಂಡತಿಗೆ ಅದು ಬರುವುದಿಲ್ಲ ಅಂತ ಶೈಲಾಗೆ ಗೊತ್ತು. ಅದನ್ನು ಕೊಡುವುದು ಬಾಣಂತಿಗೆ. ಡಬ್ಬಿಯ ಮೇಲೆ ಇದ್ದದ್ದು ಶೈಲಾ ಹೆಸರು.

'ಯಾರಿಗೆ ಕಳಿಸ್ಯಾಳಂತ ತಿಳಿವಲ್ದು ಮೇಡಂ,' ಅಂದರು ಫೋನಿನಲ್ಲಿ. ಹಿಂದೆ ಮಗು ಅಳುತ್ತಿತ್ತು. 'ನಾನೂ ಎರಡ ತಿಂದೆ.'