ಉಂಗುರದ ಕತೆಯಿಂದ ಶುರು ಮಾಡಿ

ನಮಸ್ಕಾರ. ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ತಡರಾತ್ರಿಯ ಸ್ಕಿಟ್ ಶೋವನ್ನು ಕಾಮಿಕ್ಸ್‌ನವರು, ಹಾಸ್ಯಪತ್ರಿಕೆಯವರು ಹೇಗೆ ಅಣಕಿಸಿದರು ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಆದರೆ ಬಿಸಾಕುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹಾಸ್ಯ ಎಂದರೇನು, ಅಣಕಕ್ಕೂ ವಿಡಂಬನೆಗೂ ಏನು ವ್ಯತ್ಯಾಸ ಅಂತ ಮೊದಲ ಎರಡು ಪುಟ ಖರ್ಚಾಗಿವೆ. ತೆಗೆದುಬಿಡಿ. ಮೂರನೇ ಪುಟದ ಕೊನೆಯಲ್ಲಿ ಒಂದೇ ಸಾಲು: 1978ರಲ್ಲಿ ಸ್ಪೈಡರ್-ಮ್ಯಾನ್ ಕೂಡ ಆ ಶೋಗೆ ಬಂದಿದ್ದ. ಅಷ್ಟು ಹೇಳಿ ಮುಂದೆ ಓಡಿದ್ದೀರಿ. ಅಯ್ಯೋ, ಲೇಖನ ಇರೋದೇ ಅಲ್ಲಿ ಅಲ್ವಾ!

‘ಮಾರ್ವೆಲ್ ಟೀಮ್-ಅಪ್’ ಕಾಮಿಕ್ಸ್‌ನ 74ನೇ ಸಂಚಿಕೆ. ಪೀಟರ್ ಪಾರ್ಕರ್, ಅಂದರೆ ಮುಖವಾಡವಿಲ್ಲದ ಸ್ಪೈಡರ್-ಮ್ಯಾನ್, ಗೆಳತಿ ಮೇರಿ ಜೇನ್ ಜೊತೆ ಶೋ ನೋಡಲು ಬಂದಿದ್ದಾನೆ, ಅವತ್ತಿನ ಹೋಸ್ಟ್ ಬೇರೆ ಯಾರೂ ಅಲ್ಲ, ಆ ಕಾಮಿಕ್ಸ್ ಹೊರತರುವ ಮಾರ್ವೆಲ್ ಕಂಪನಿಯ ಸ್ಟ್ಯಾನ್ ಲೀ. ಶೋದ ನಟ ಜಾನ್ ಬೆಲೂಷಿಯ ಬೆರಳಿಗೆ ಒಂದು ಉಂಗುರ ಸಿಕ್ಕಿಹಾಕಿಕೊಂಡಿದೆ, ಬರುತ್ತಿಲ್ಲ. ಅದು ಬೇಕು ಅಂತ ಸಿಲ್ವರ್ ಸಮುರಾಯ್ ಎಂಬ ಖಳ ಹುಡುಕಿಕೊಂಡು ಬರುತ್ತಾನೆ. ಇಲ್ಲಿ ಓದುಗರಿಗೆ ನೀವು ಹೇಳಬೇಕಾದ್ದು ಏನಪ್ಪಾ ಅಂದ್ರೆ, ಟೀವಿಯಲ್ಲಿ ಬೆಲೂಷಿ ಆಗಲೇ ಸಮುರಾಯ್ ವೇಷಕ್ಕೆ ಹೆಸರಾಗಿದ್ದ, ಜಪಾನೀ ಥರ ಏನೋ ಗೊಣಗುತ್ತಾ ಉದ್ದ ಕತ್ತಿಯಲ್ಲಿ ಸ್ಯಾಂಡ್‌ವಿಚ್ ಕೊಯ್ಯುವ ಅಂಗಡಿಯವನಾಗಿ. ಆ ವೇಷದ ಸಮುರಾಯ್ ಎದುರು ಕಾಮಿಕ್ಸ್‌ನವರು ‘ಅಸಲಿ’ ಸಮುರಾಯ್‌ನನ್ನು ನಿಲ್ಲಿಸಿ ಕತ್ತಿ ಬೀಸಿಸಿದರು.

ತಮಾಷೆಯನ್ನೇ ಅಣಕಿಸುವುದು ಕಷ್ಟ. ಸ್ಕಿಟ್ಟನ್ನು ಹಾಗೇ ಚಿತ್ರವಾಗಿ ಬರೆದರೆ ಬಣ್ಣ ಬಳಿದ ಮುಖಕ್ಕೇ ಮತ್ತೆ ಬಣ್ಣ ಬಳಿದ ಹಾಗೆ. ಈ ಸಂಚಿಕೆ ಗೆದ್ದಿದ್ದು ಸುಳ್ಳು ಕತ್ತಿಯನ್ನು ನಿಜವಾದ ಅಪಾಯದ ಮುಂದೆ ಹಿಡಿದಿದ್ದಕ್ಕೆ. ಇದನ್ನು ನಿಮ್ಮ ಮಾತಲ್ಲಿ ಬಿಡಿಸಿ ಬರೆಯಿರಿ. ‘ನಗು ತಡೆಯಲಾಗಲಿಲ್ಲ’ ಅಂತ ನಾಲ್ಕು ಕಡೆ ಇದೆ. ಸುಮ್ನೆ ಆ ಪ್ಯಾನೆಲ್‌ನಲ್ಲಿ (ಕಾಮಿಕ್ಸ್‌ನ ಚಿತ್ರಚೌಕದಲ್ಲಿ) ಏನಿದೆ ಹೇಳಿ, ನಗೋದು ನಮ್ಮ ಕೆಲಸ. 1984ರ ‘ಅವೆಂಜರ್ಸ್’ ಸಂಚಿಕೆ, ಡೇವಿಡ್ ಲೆಟರ್‌ಮನ್‌ನ ಹರಟೆ ಶೋಗೆ ಹೀರೋಗಳು ಹೋಗಿದ್ದು, ಅದಕ್ಕೆ ಎರಡು ಸಾಲು ಸಾಕು. ಅದು ಸ್ಕಿಟ್ ಶೋ ಅಲ್ಲ.

ಒಂದು ದೊಡ್ಡ ತಪ್ಪಿದೆ. ಹಾಸ್ಯಪತ್ರಿಕೆಗಳು ಟೀವಿಯಿಂದ ಕಲಿತವು ಅಂದಿದ್ದೀರಿ. ಉಲ್ಟಾ. ‘ಮ್ಯಾಡ್’ ಶುರುವಾಗಿದ್ದು 1952ರಲ್ಲಿ, ‘ನ್ಯಾಷನಲ್ ಲ್ಯಾಂಪೂನ್’ 1970ರಲ್ಲಿ, ಈ ಶೋ 1975ರ ಅಕ್ಟೋಬರ್ 11ಕ್ಕೆ. ಈ ಶೋದ ನಟರಾದ ಬೆಲೂಷಿ, ಚೆವಿ ಚೇಸ್ ಇಬ್ಬರೂ ಅದಕ್ಕೂ ಮುಂಚೆ ಲ್ಯಾಂಪೂನ್‌ನ ರಂಗಪ್ರದರ್ಶನದಲ್ಲಿದ್ದವರು. ಮೊದಲ ಕಂತಿನ ಮೊದಲ ಸ್ಕಿಟ್‌ನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಕೂತ ಮೈಕಲ್ ಓಡೊನಾಹ್ಯೂ ಲ್ಯಾಂಪೂನ್‌ನ ಬರಹಗಾರ. ಮೇಷ್ಟ್ರು ಎದೆ ಹಿಡಿದು ಬಿದ್ದರೆ ಶಿಷ್ಯ ಬೆಲೂಷಿ ಅದೂ ಪಾಠವೇ ಅಂದುಕೊಂಡು ಹಾಗೇ ಬೀಳುತ್ತಾನೆ. ಅಂದಮೇಲೆ ಪತ್ರಿಕೆಯವರು ಈ ಶೋವನ್ನು ಗೇಲಿ ಮಾಡಿದರೆ ಅದು ಹೊರಗಿನವರ ಗೇಲಿ ಅಲ್ಲ, ದಾಯಾದಿಗಳದ್ದು. ಆ ಖಾರ ನಿಮ್ಮ ಬರಹದಲ್ಲಿ ಇಲ್ಲ.

ಟೀವಿಯವರೂ ತಿರುಗಿ ಕಾಮಿಕ್ಸ್ ಹೀರೋಗಳನ್ನು ಅಣಕಿಸಿ ಸ್ಪೈಡರ್-ಮ್ಯಾನ್ ಸಾಲ ತೀರಿಸಿದ್ದು ಮರೆತೇಹೋಗಿದೆ ನಿಮಗೆ. 1979ರ ಮಾರ್ಚ್‌ನಲ್ಲಿ ಸೂಪರ್‌ಮ್ಯಾನ್ ಮನೆಯಲ್ಲಿ ಪಾರ್ಟಿ ಅನ್ನುವ ಸ್ಕಿಟ್ ಬಂತು, ಅದರಲ್ಲಿ ಬೆಲೂಷಿಯೇ ಮಾರ್ವೆಲ್‌ನ ಹಸಿರು ದೈತ್ಯ ಹಲ್ಕ್! ಅದನ್ನು ನೋಡಿ, ಕೊನೆಯ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಒಂಬೈನೂರು ಪದ ದಾಟಬೇಡಿ.